ಗುಲಾಬಿ ಮೇಣದಬತ್ತಿ, ಎಡದಂಡೆ ಕಾಲುವೆ

2025ರ ಡಿಸೆಂಬರ್ 14ಕ್ಕ ಆಗಮನ ಕಾಲದ, ಅಂದ್ರ ಕ್ರಿಸ್ಮಸ್‌ಗೆ ತಯಾರಾಗೋ ವಾರಗಳ, ಮೂರನೇ ರವಿವಾರ ಆತು. ಮೂರನೇದು ಗುಲಾಬಿ ಮೇಣದಬತ್ತಿ ಹಚ್ಚಿದ್ರು, ಫಾದರ್ ನೇರಳೆ ಬಿಟ್ಟು ಗುಲಾಬಿ ಬಣ್ಣದ್ದು ಹಾಕ್ಕೊಂಡು ಬಂದಿದ್ರು, ಸಂತೋಷದ ರವಿವಾರ ಅಂತಾರ ಅದಕ್ಕ. ನನಗ ಮಾತ್ರ ಪೂಜಿ ಮುಗಿಯೋತನ ಮನಸ್ಸಿಗೆ ಸಮಾಧಾನ ಇರ್ಲಿಲ್ಲ, ಯಾಕಂದ್ರ ಹಿಂದಿನ ದಿನ ಸಂಜಿಕ ಒಂದು ಮಾತು ಆಗಿತ್ತು.

ವಿಶ್ವಾಸಿಗಳ ಪ್ರಾರ್ಥನೆ, ಅಂದ್ರ ಪೂಜಿಯಾಗ ಎಲ್ಲರ ಸಲುವಾಗಿ ಓದೋ ಬೇಡಿಕೆಗಳನ್ನ ಬರಿಯೋ ಪಾಳಿ ಆ ವಾರ ನಂದಿತ್ತು. ನಾಲ್ಕು ಯಾವಾಗ್ಲೂ ಬರಿಯೋವೇ ಬರದೆ, ಪೋಪ್ ಅವರಿಗೆ, ರೋಗಿಗಳಿಗೆ, ಹಂಗ. ಐದನೇದು ಎರಡನೇ ಬೆಳಿಗೆ ನೀರು ಸಿಗದ ನಮ್ಮ ರೈತರಿಗೆ, ಗುಳೆ ಹೊಂಟಿರೋ ಕೂಲಿ ಮಂದಿಗೆ, ಮತ್ತ ನೀರಿನ ತೀರ್ಮಾನ ಮಾಡೋರು ಇವರನ್ನ ಮರೀಬಾರದು ಅಂತ. ಚರ್ಚ್‌ನ ಹಿರಿಯರೊಬ್ರು ಹಾಳಿ ಇಸ್ಕೊಂಡು ಓದಿ, ಕಿಸೆದಾಗಿನ ಪೆನ್ ತಗದು ಐದನೇದರ ಮ್ಯಾಲ ಅಡ್ಡ ಗೀಟು ಎಳದ್ರು. "ತಮ್ಮಾ, ಗುಡಿಯಾಗ ರಾಜಕೀಯ ಬ್ಯಾಡಪಾ" ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವರು, ನಮ್ಮಪ್ಪ ಆಸ್ಪತ್ರೆದಾಗ ಇದ್ದಾಗ ರಾತ್ರಿಯೆಲ್ಲಾ ಕುಂತಿದ್ರು. ಅದಕ್ಕ ನಾ ತಿರುಗಿ ಮಾತಾಡಲಿಲ್ಲ, ಇಲ್ಲಿ ಬರೀತೀನಿ.

ತುಂಗಭದ್ರಾ ಎಡದಂಡೆ ಕಾಲುವಿ ನಂಬಿದ ನಮ್ಮ ಸಿಂಧನೂರು ಕಡೆ ನೀರು ಅಂದ್ರ ಏನಂತ ಹೊರಗಿನವರಿಗೆ ಗೊತ್ತಾಗಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡದು ಗೇಟ್ ಕೊಚ್ಚಿ ಹೋತಲ್ಲ, ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಕಬ್ಬಿಣದ ಅಡ್ಡಗೇಟು ಇಳಿಸಿ ಹೆಂಗೋ ನೀರು ನಿಲ್ಲಿಸಿದ್ರು. ಈ ವರ್ಷ ಡ್ಯಾಮಿನ್ಯಾಗ 80 ಟಿಎಂಸಿ ಅಷ್ಟೇ ನಿಲ್ಲಿಸಿದ್ರು, ಈಗ 33 ಗೇಟೂ ಬದಲಿ ಮಾಡಬೇಕು ಅಂತ ಎರಡನೇ ಬೆಳಿಗೆ ನೀರಿಲ್ಲ ಅಂದ್ರು. ಗೇಟ್ ಬದಲಿ ಮಾಡಬ್ಯಾಡ್ರಿ ಅಂತ ಯಾರೂ ಅನ್ನಂಗಿಲ್ಲ, ಮಾಡಲೇಬೇಕು. ಆದ್ರ ಹೊಲ ಬೀಳು ಬಿದ್ರ ಮಾಲಕಗ ಒಂದು ಬೆಳಿ ಹೋಗ್ತದ, ನಾಟಿ ಹಚ್ಚೋ ಹೆಣ್ಮಕ್ಕಳಿಗೆ ಇಡೀ ಸೀಜನ್ನಿನ ಕೂಲಿನೇ ಹೋಗ್ತದ. ನಮ್ಮ ಚರ್ಚ್‌ನ್ಯಾಗ ಅಂಥಾ ಮನಿಗಳೇ ಹೆಚ್ಚು. ನನ್ನ ಹಿಂದಿನ ಬೆಂಚಿನ ಒಂದು ಮನೆತನ ಭತ್ತದ ಕಟಾವು ಮುಗದ ವಾರನೇ ಗಂಟುಮೂಟೆ ಕಟ್ಕೊಂಡು ಬೆಂಗಳೂರು ಬಸ್ ಹತ್ತಿತು, ಹುಡುಗಂದು ಈ ಸಲ ಹೊಸ ಪರಮಪ್ರಸಾದ, ಅಂದ್ರ ಮೊದಲ ಸಲ ಪ್ರಸಾದ ತಗೊಳ್ಳೋದು, ಆಗಬೇಕಿತ್ತು.

ಇಷ್ಟಕ್ಕೂ ಆ ರವಿವಾರ ಓದಿದ ವಾಚನ ಯಾವುದು? ಮೊದಲನೇದು ಬೈಬಲ್ಲಿನ ಯೆಶಾಯನ 35ನೇ ಅಧ್ಯಾಯ, ಒಣಗಿದ ಬೆಂಗಾಡು ಹೂ ಬಿಡ್ತದ ಅಂತ. ಎರಡನೇದು ಯಕೋಬನ ಪತ್ರ, ಮುಂಗಾರು ಹಿಂಗಾರು ಮಳಿ ಬರೋತನ ರೈತ ಹೆಂಗ ತಾಳ್ಕೊಂಡು ಕಾಯ್ತಾನ ನೋಡ್ರಿ ಅಂತ. ಓದಿದಾಕಿ ನಮ್ಮ ಓಣಿ ಹುಡುಗಿ, "ಹಿಂಗಾರು" ಅನ್ನೋವಾಗ ಮುಂದಿನ ಸಾಲಿನ ಮುದುಕರು ತಲಿ ಎತ್ತಿದ್ರು. ಶುಭಸಂದೇಶದಾಗ ಸ್ನಾನಿಕ ಯೊವಾನ್ನ ಜೈಲಿನಿಂದ ಶಿಷ್ಯರ ಕೈಲೆ ಯೇಸುಸ್ವಾಮಿಗೆ ಕೇಳಿ ಕಳಿಸ್ತಾನ, ಬರಬೇಕಾದವರು ನೀವೇನೋ, ಇಲ್ಲಾ ಇನ್ನೊಬ್ಬರ ದಾರಿ ಕಾಯಬೇಕೋ ಅಂತ. ಯೇಸುಸ್ವಾಮಿ ಸಿಟ್ಟಾಗಲಿಲ್ಲ, ಕುರುಡರು ಕಾಣಾಕತ್ಯಾರ, ಬಡವರಿಗೆ ಶುಭಸಂದೇಶ ಮುಟ್ಟಾಕತ್ತೈತಿ, ಹೋಗಿ ಹೇಳ್ರಿ ಅಂದ್ರು. ಯೊವಾನ್ನ ಜೈಲಿಗೆ ಯಾಕ ಹೋಗಿದ್ದ? ಹೆರೋದ ರಾಜಗ ನೀ ಮಾಡಿದ್ದು ತಪ್ಪು ಅಂತ ಮುಖದ ಮುಂದ ಹೇಳಿದ್ದಕ್ಕ. ಇದನ್ನ ಓದೋ ಗುಡಿಯಾಗ ಕಾಲುವಿ ನೀರಿನ ಹೆಸರು ತಗೀಬಾರದು ಅಂದ್ರ ನನಗ ತಿಳಿಯಂಗಿಲ್ಲ.

ಇನ್ನೊಂದು ನೆನಪಿದ್ದೇ ಐತಿ. 2021ರ ಡಿಸೆಂಬರ್ 23, ಆಗಲೂ ಆಗಮನ ಕಾಲನೇ, ಬೆಳಗಾವಿ ಅಧಿವೇಶನದಾಗ ಮತಾಂತರ ತಡೆ ಮಸೂದೆ ವಿಧಾನಸಭೆಯಾಗ ಪಾಸ್ ಆತು. ನಮ್ಮ ಜಿಲ್ಲೆಯ ಮುದಗಲ್ಲದಾಗ ಆದಿಲ್‌ಶಾಹಿಗಳ ಕಾಲದಿಂದ ನಮ್ಮ ಕ್ರೈಸ್ತರು ಇದ್ದಾರ, ಆದ್ರೂ ಆ ಕ್ರಿಸ್ಮಸ್‌ಗೆ ಗೋದಲಿ, ಅಂದ್ರ ಬಾಲಯೇಸು ಹುಟ್ಟಿದ ಕೊಟ್ಟಿಗಿ, ಕಟ್ಟೋವಾಗ ಎಲ್ಲರಿಗೂ ಒಳಗೊಳಗ ಅಂಜಿಕಿ. ಆವಾಗ ಅದರ ಸಲುವಾಗಿ ಗುಡಿಯಾಗ ಪ್ರಾರ್ಥನಿ ಮಾಡಿದ್ವಿ, ಇದೇ ಹಿರಿಯರೇ ಮುಂದ ನಿಂತು ಓದಿದ್ರು, ಯಾರೂ ರಾಜಕೀಯ ಅನ್ಲಿಲ್ಲ. ನಮಗ ಬಿಸಿ ಮುಟ್ಟಿದಾಗ ಪ್ರಾರ್ಥನಿ, ಬಾಜೂ ಮನಿ ಹನುಮಂತಪ್ಪಗ, ಹುಸೇನಪ್ಪಗ ಮುಟ್ಟಿದಾಗ ರಾಜಕೀಯ, ಅದು ಹೆಂಗ ಆಗ್ತದ?

ಅವ್ವ ಪ್ರತಿ ವರ್ಷ ಗೋದಲಿಗಂತ ಒಂದು ಹಳೇ ತಾಟಿನ್ಯಾಗ ಮಣ್ಣು ಹಾಕಿ, ರಾತ್ರಿ ನೆನಿಹಾಕಿದ ಭತ್ತ ಚೆಲ್ಲತಾಳ, ಮ್ಯಾಲ ಗೋಣಿಚೀಲದ ತುಂಡು ಮುಚ್ಚತಾಳ. ಹಬ್ಬದ ಹೊತ್ತಿಗೆ ನಾಲ್ಕು ಬೆರಳು ಹಸಿರು ಬಂದಿರ್ತದ, ಕುರಿಗಳನ್ನ ಅದರಾಗ ನಿಲ್ಲಸ್ತೀವಿ. ಈ ಸಲಾನೂ ಚೆಲ್ಲ್ಯಾಳ. ನಿನ್ನೆ ನೋಡಿದ್ರ ಬೆಳ್ಳಗ ಮೊಳಕಿ ಒಡದಾವು, ಅಂಗೈಯಾಗ ನೀರು ತಗೊಂಡು ಬೆರಳಿಲೆ ಚಿಮುಕಸಾಕತ್ತಿದ್ಲು. ಈ ವರ್ಷ ನಮ್ಮ ಮನಿಯಾಗ ಎರಡನೇ ಬೆಳಿಗೆ ಹಾಕಿದ ಸಸಿಮಡಿ ಅಂದ್ರ ಅದೊಂದೇ.

21ಕ್ಕ ನಾಲ್ಕನೇ ರವಿವಾರ, ಪಾಳಿ ನಾಟಿ ಗುಂಪಿನ ಒಬ್ಬ ಅಕ್ಕಂದು. ನನ್ನ ಐದನೇದನ್ನ ಕೊಟ್ಟು ಬರೋಣಂತ ಅವರ ಮನಿಗೆ ಹೋದೆ. ಹಾಳಿ ಓದಿ ಮಡಚಿ ವಾಪಸ್ ಕೊಟ್ಲು, "ಭಾಳ ಉದ್ದ ಆತು ತಮ್ಮಾ, ನಾ ಬರದೀನಿ ತಗೋ" ಅಂತ ಮಗನ ನೋಟ್‌ಬುಕ್ ತೋರಿಸಿದ್ಲು. ಪೆನ್ಸಿಲ್ಲಿಲೆ ಒಂದೇ ಸಾಲು ಇತ್ತು: ಸ್ವಾಮೀ, ಕಾಲುವಿಗೆ ನೀರು ಬರೋತನ ನಮ್ಮ ಮಂದಿ ಊರಾಗೇ ಉಳೀಲಿ.