ರಿವಾಲ್ವರ್ ಕೆಟ್ಟರೆ ರಿಪೇರಿ ಎಲ್ಲಿ?

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ತೋಟದ ಮನೆಗಳಲ್ಲಿ ಹಂದಿ ಕಾಟಕ್ಕೆಂದು ಒಂಟಿ ನಳಿಗೆ ಬಂದೂಕು ಇಟ್ಟುಕೊಂಡವರು ಸಿಗುತ್ತಾರೆ. ಕೈಬಂದೂಕಿನ ಮಾತು ಬೇರೆ. ಅದು ರೊಕ್ಕ ಹೊತ್ತು ಓಡಾಡುವವರ ವಸ್ತು: ಭೀಮಸಮುದ್ರ, ಚನ್ನಗಿರಿಯ ಅಡಿಕೆ ವ್ಯಾಪಾರಿ, ಪೆಟ್ರೋಲ್ ಬಂಕ್ ಮಾಲೀಕ, ಇಂಥವರು. ಕೊಳ್ಳುವಾಗ ಇವರು ಕೇಳುವುದು ರೇಟು ಎಷ್ಟು, ತೂಕ ಎಷ್ಟು, ಲೈಸೆನ್ಸ್‌ನಲ್ಲಿ ಎಂಟ್ರಿ ಯಾವಾಗ ಆಗುತ್ತದೆ ಎಂದು. ಇದರ ಸ್ಪ್ರಿಂಗ್ ಸೋತರೆ ಇನ್ನೊಂದನ್ನು ಯಾರು ಕೊಡುತ್ತಾರೆ, ಯಾರು ಹಾಕುತ್ತಾರೆ ಎಂದು ಕೇಳುವವರು ತೀರಾ ವಿರಳ. ಬೈಕ್ ಕೊಳ್ಳುವಾಗ ಊರಲ್ಲಿ ಸರ್ವೀಸ್ ಸೆಂಟರ್ ಇದೆಯೇ ಎಂದು ನೂರು ಸಲ ವಿಚಾರಿಸುವವರೂ ಇಲ್ಲಿ ಸುಮ್ಮನಾಗಿಬಿಡುತ್ತಾರೆ.

ಮೊದಲು ಕಾನೂನಿನ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಎಂಬ ಪದದ ವ್ಯಾಖ್ಯೆಯೊಳಗೇ ಅದರ ಬಿಡಿಭಾಗಗಳೂ ಬಂದುಬಿಡುತ್ತವೆ. ಹಾಗಾಗಿ ಮೊಬೈಲ್ ಡಿಸ್‌ಪ್ಲೇ ತರಿಸಿದ ಹಾಗೆ ಕೊರಿಯರ್‌ನಲ್ಲಿ ರಿವಾಲ್ವರಿನ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ತರಿಸಿಕೊಳ್ಳಲು ಆಗುವುದಿಲ್ಲ. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಗನ್ ಅಂಗಡಿ ಎಂದ ಮಾತ್ರಕ್ಕೆ ರಿಪೇರಿ ಅನುಮತಿ ಇದೆ ಎಂದುಕೊಳ್ಳಬೇಡಿ. ಅಂಗಡಿಯ ಲೈಸೆನ್ಸ್‌ನಲ್ಲಿ ರಿಪೇರಿ ಎಂಬ ಪದ ಇದೆಯೇ ಎಂದು ಕೇಳಿ ನೋಡುವುದು ನಿಮ್ಮ ಹಕ್ಕು. ಅಸಲಿ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ವಾರಂಟಿಯ ವಿಷಯ. ಯಾವ ತಯಾರಕರ ಕಾಗದ ತೆಗೆದು ಓದಿದರೂ ತಿರುಳು ಹೆಚ್ಚುಕಡಿಮೆ ಒಂದೇ. ಲೋಹದ ದೋಷ, ತಯಾರಿಕೆಯ ದೋಷ ಇದ್ದರೆ ಅವರ ಖರ್ಚು. ಸವೆತ, ತುಕ್ಕು, ಬಿದ್ದು ಆದ ಪೆಟ್ಟು, ಮನೆಯಲ್ಲೇ ತುಂಬಿದ ಗುಂಡು ಹಾರಿಸಿ ಆದ ಹಾನಿ, ಬೇರೆಯವರು ಬಿಚ್ಚಿ ಕೈಯಾಡಿಸಿದ್ದು, ಇವೆಲ್ಲ ನಿಮ್ಮ ಖರ್ಚು. ನಮ್ಮ ಕಡೆ ವಾರಂಟಿ ಬಿದ್ದುಹೋಗುವುದು ಬಹುಪಾಲು ತುಕ್ಕಿನಿಂದ, ಆಮೇಲೆ ಅವರಿವರ ಕೈಯಾಡುವುದರಿಂದ. ಸ್ಕ್ರೂ ತಲೆಯ ಸೀಳು ಅಗಲವಾಗಿ ಹರಿದಿದ್ದರೆ ಸಾಕು, ಫ್ಯಾಕ್ಟರಿಯವರಿಗೆ ಒಳಗೆ ನೋಡುವ ಮೊದಲೇ ಎಲ್ಲ ಗೊತ್ತಾಗುತ್ತದೆ.

ಅಮೆರಿಕದ ಜೀವಮಾನದ ವಾರಂಟಿಯ ಬಗ್ಗೆ ಯೂಟ್ಯೂಬ್ ನೋಡಿ ಕನಸು ಕಾಣುವವರಿಗೆ ಒಂದು ಮಾತು. ಸ್ಮಿತ್ ಅಂಡ್ ವೆಸನ್ ಕಂಪನಿಯ ಜೀವಮಾನದ ಸೇವೆ 1989ರ ಫೆಬ್ರವರಿ 1ರ ನಂತರ ಹೊಸದಾಗಿ ಕೊಂಡ ಕೈಬಂದೂಕಿಗೆ, ಅದೂ ಮೊದಲ ಖರೀದಿದಾರನಿಗೆ. ರೂಗರ್ ಕಂಪನಿಯಂತೂ ಲಿಖಿತ ವಾರಂಟಿಯನ್ನೇ ಕೊಡುವುದಿಲ್ಲ. 1975ರ ಅಮೆರಿಕದ ವಾರಂಟಿ ಕಾಯ್ದೆಯ ತೊಡಕು ಬೇಡವೆಂದು ಕಾರ್ಡ್ ಹಾಕುವುದನ್ನೇ ಬಿಟ್ಟಿತು. ಆದರೂ ರಿಪೇರಿಯಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಕಾರ್ಡಿನಲ್ಲಿ ಬರೆದಿದ್ದಕ್ಕೂ ನಿಜವಾಗಿ ಸಿಗುವ ಸೇವೆಗೂ ಎಷ್ಟು ದೂರ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಏನೇ ಇರಲಿ, ಇದ್ಯಾವುದೂ ನಮಗೆ ತಾಗುವುದಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶಿ ಕೈಬಂದೂಕಿನ ಆಮದು ನಿಂತಿದೆ. ಮಾನ್ಯತೆ ಪಡೆದ ಶೂಟರ್‌ಗಳಿಗೆ ಮಾತ್ರ ದಾರಿ ಇದೆ. ಇಲ್ಲಿ ಕೈ ಬದಲಾಗುವ ವಿದೇಶಿ ರಿವಾಲ್ವರ್‌ಗಳಲ್ಲಿ ಬಹುಪಾಲು ಅಜ್ಜನ ಕಾಲದವು. ವೆಬ್ಲಿ ಅಂಡ್ ಸ್ಕಾಟ್ ಇಂಗ್ಲೆಂಡಿನಲ್ಲಿ ಬಂದೂಕು ತಯಾರಿಕೆಯನ್ನು 1979ರಲ್ಲೇ ನಿಲ್ಲಿಸಿತು. ಆ ಹೆಸರು ಈಗ ಉತ್ತರ ಪ್ರದೇಶದ ಸಂಡೀಲಾದಲ್ಲಿ ಹೊಸ .32 (ಇಂಚಿನಲ್ಲಿ ನಳಿಗೆಯ ಅಳತೆ) ರಿವಾಲ್ವರ್ ಮೇಲೆ ಬರುತ್ತಿದೆ, ನಿಜ. ಅದರ ಬಿಡಿಭಾಗ ಅಜ್ಜನ ವೆಬ್ಲಿಗೆ ಕೂರುತ್ತದೆ ಎಂಬ ಲೆಕ್ಕ ಹಾಕಬೇಡಿ.

ಅಜ್ಜನ ರಿವಾಲ್ವರ್ ವಾರಸುದಾರರಿಗೆ ಬಂದರೆ ಇಟ್ಟುಕೊಳ್ಳಲಿ, ಅದು ಮನೆಯ ನೆನಪು. ಆದರೆ ಲಕ್ಷಗಟ್ಟಲೆ ಕೊಟ್ಟು ಹಳೆಯ ವಿದೇಶಿ ಮಾಲು ಕೊಳ್ಳುವುದು ನನ್ನ ಲೆಕ್ಕದಲ್ಲಿ ದಡ್ಡತನ. ಅದರ ಮೇನ್ ಸ್ಪ್ರಿಂಗ್ ಮುರಿದ ದಿನ ಅದು ಶೋಕೇಸಿನ ಪಾಲು.

ದೇಶಿ ಮಾಲಿನಲ್ಲಿ ಹೆಚ್ಚು ಕಾಣುವುದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯದು. 2021ರ ಅಕ್ಟೋಬರ್ 1ರಿಂದ, ಇದನ್ನು ನಡೆಸುತ್ತಿದ್ದ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಹೋಗಿ 7 ಸರ್ಕಾರಿ ಕಂಪನಿಗಳಾದವು. ಈ ಫ್ಯಾಕ್ಟರಿ ಈಗ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಯ ಕೆಳಗಿದೆ. ಗುಂಡು ತಯಾರಿಸುವ ಪುಣೆಯ ಖಡಕಿ ಫ್ಯಾಕ್ಟರಿ ಮ್ಯುನಿಷನ್ಸ್ ಇಂಡಿಯಾದ ಪಾಲಿಗೆ ಹೋಯಿತು. ಹಳೆಯ ವಾರಂಟಿ ಕಾಗದದ ಮೇಲೆ ಬೋರ್ಡಿನ ಹೆಸರಿದ್ದರೆ ಪತ್ರ ಬರೆಯಬೇಕಾದದ್ದು ಈಗಿನ ಕಂಪನಿಗೆ. ಗುಂಡಿನ ದೂರು, ಬಂದೂಕಿನ ದೂರು ಎರಡು ಬೇರೆ ಬಾಗಿಲು ಎನ್ನುವುದೂ ನೆನಪಿರಲಿ.

ಮಾದರಿಗಳಲ್ಲಿ ಹಳೆಯ .32 ರಿವಾಲ್ವರ್, 2014ರಲ್ಲಿ 1,22,360 ರೂಪಾಯಿಗೆ ಬಂದ 500 ಗ್ರಾಂ ತೂಕದ ನಿರ್ಭೀಕ್, ಇವೆಲ್ಲ ಗುಂಡು ತುಂಬಲು ನಡುವಿನ ಕೀಲಿನಲ್ಲಿ ಬಾಗಿ ತೆರೆಯುವ ಜಾತಿ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್‌ನ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಎರಡೂ .32 ಆದರೂ ಬೀಗದ ಭಾಗಗಳೇ ಬೇರೆ. ಗುಂಡಿನಲ್ಲೂ ಇದೇ ಎಡವಟ್ಟು: .32 ರಿವಾಲ್ವರಿನದು 7.65×23 ಮಿ.ಮೀ., .32 ಅಶನಿ ಪಿಸ್ತೂಲಿನದು 7.65×17 ಮಿ.ಮೀ. ಬರೀ .32 ಎಂದು ಹೇಳಿ ಡಬ್ಬಿ ತಂದು, ಗುಂಡು ಕೂರುತ್ತಿಲ್ಲ, ಬಂದೂಕೇ ಸರಿಯಿಲ್ಲ ಎಂದು ದೂರು ಬರೆದರೆ ಪ್ರಯೋಜನವಿಲ್ಲ.

ಹೊಸದನ್ನು ಕೈಗೆ ತೆಗೆದುಕೊಳ್ಳುವ ದಿನ ಅಂಗಡಿಯ ಕೌಂಟರ್ ಮೇಲೆ ಹತ್ತು ನಿಮಿಷ ಕೊಡಿ. ತೆರೆದು ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಗೂಡು ಖಾಲಿ ಇವೆಯೇ ಎಂದು ಕಣ್ಣಾರೆ ನೋಡಿ. ಬಾಡಿಯ ನಂಬರ್, ಬಿಲ್ಲಿನ ನಂಬರ್, ಲೈಸೆನ್ಸಿಗೆ ಏರಿಸಿದ ನಂಬರ್ ಒಂದೊಂದು ಅಂಕಿಯನ್ನೂ ಓದಿ ತಾಳೆ ಹಾಕಿ. 3 ಮತ್ತು 8 ಅದಲುಬದಲಾದರೆ ಮುಂದೆ ಡಿ.ಸಿ. ಆಫೀಸಿನಲ್ಲಿ ತಿದ್ದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ನಂತರ ಮುಚ್ಚಿ, ನಳಿಗೆಯನ್ನು ಒಂದು ಕೈಲಿ, ಹಿಡಿಯನ್ನು ಇನ್ನೊಂದು ಕೈಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಕೀಲಿನಲ್ಲಿ ಟಕ್ ಎಂಬ ಸಡಿಲ ಕೇಳಿಸಿದರೆ ಅಲ್ಲೇ ವಾಪಸ್ ಕೊಡಿ. ಹ್ಯಾಮರನ್ನು (ಗುಂಡು ಹಾರಿಸಲು ಬಡಿಯುವ ಭಾಗ) ನಿಧಾನವಾಗಿ ಎಳೆಯುತ್ತಾ ಆರು ಗೂಡಿಗೂ ಸಿಲಿಂಡರ್ ಪೂರ್ತಿ ಬಂದು ಬೀಗ ಬೀಳುತ್ತದೆಯೇ ನೋಡಿ. ಐದರಲ್ಲಿ ಸರಿ ಬಿದ್ದು ಒಂದರಲ್ಲಿ ಮಾತ್ರ ಸೋಮಾರಿತನ ಮಾಡುವುದುಂಟು, ಅದಕ್ಕೇ ಆರನ್ನೂ ಎಣಿಸಬೇಕು. ಕೊನೆಗೆ ನಳಿಗೆಯ ಹಿಂಬದಿ ಬಿಳಿ ಕಾಗದ ಹಿಡಿದು, ಬೆಳಕಿನಲ್ಲಿ ಒಳಗೆ ಇಣುಕಿ.

ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಗುಂಡು ಹಾರದಿರುವುದು. ಅಭ್ಯಾಸದ ವೇಳೆ ಟಕ್ ಎಂದು ಸದ್ದಾಗಿ ಸುಮ್ಮನಾದರೆ ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಗುಂಡೂ ಇರುತ್ತದೆ. ರಿವಾಲ್ವರಿನಲ್ಲಿ ಗಾಬರಿಯಿಂದ ಮತ್ತೆ ಟ್ರಿಗರ್ ಎಳೆದರೆ ಆ ಗುಂಡು ನಳಿಗೆಯ ನೇರ ತಪ್ಪಿ ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿ ಹೊತ್ತಿಕೊಂಡರೆ ಕೈಗೆ, ಮುಖಕ್ಕೆ ಅಪಾಯ. ಕಾದ ಮೇಲೆ ಗುಂಡು ತೆಗೆದು ಅದರ ತಳ ನೋಡಿ. ಮದ್ದು ಹೊತ್ತಿಸುವ ನಡುವಿನ ಪುಟ್ಟ ಬಟ್ಟಲಿನಲ್ಲಿ, ಹ್ಯಾಮರಿನ ಬಡಿತಕ್ಕೆ ಪಿನ್ ಬಿದ್ದ ಗುಳಿ ಎಲ್ಲವನ್ನೂ ಹೇಳುತ್ತದೆ. ಗುಳಿ ಆಳವಾಗಿ, ನಟ್ಟನಡುವೆ ಇದ್ದರೆ ಬಂದೂಕು ತನ್ನ ಕೆಲಸ ಮಾಡಿದೆ, ಗುಂಡು ಸತ್ತಿದೆ. ಗುಳಿ ಬರೀ ಗೀರಿನಷ್ಟು ತೆಳ್ಳಗಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪಿನ್ ತುದಿ ಸವೆದಿದೆ, ಇಲ್ಲವೇ ಗಟ್ಟಿಯಾದ ಎಣ್ಣೆ ಹ್ಯಾಮರನ್ನು ಎಳೆದು ಹಿಡಿಯುತ್ತಿದೆ. ಗುಳಿ ಒಂದು ಬದಿಗೆ ಸರಿದಿದ್ದರೆ ಸಿಲಿಂಡರ್ ನೇರಕ್ಕೆ ಬರುತ್ತಿಲ್ಲ, ಅದನ್ನು ಹಲ್ಲುಹಲ್ಲಾಗಿ ತಿರುಗಿಸುವ ಕೊಕ್ಕೆಯೋ ತಡೆಯುವ ಬೀಗವೋ ಸವೆದಿದೆ. ಈ ಮೂರನೆಯದು ಕಂಡರೆ ಇನ್ನೊಂದು ಗುಂಡೂ ಹಾರಿಸಬೇಡಿ. ಆ ಗುಂಡಿನ ತಳದ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಲೇಮ್ ಪತ್ರದಲ್ಲಿ 'ಕೆಲಸ ಮಾಡುತ್ತಿಲ್ಲ' ಎಂಬ ಎರಡು ಪದಕ್ಕಿಂತ ಆ ಫೋಟೋ ಹೆಚ್ಚು ಹೇಳುತ್ತದೆ.

ಸಿಲಿಂಡರ್ ತಿರುಗದೆ ಬಿಗಿಯಾದರೆ ರಿಪೇರಿಗೆ ಓಡುವ ಮೊದಲು ಖಾಲಿ ಮಾಡಿ, ತೆರೆದು, ಖಾಲಿ ಕೇಸು ಎತ್ತುವ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರಿನ ಕೆಳಗೆ ನೋಡಿ. ಸುಡದ ಮದ್ದಿನ ನಾಲ್ಕು ಕಾಳು ಸಿಕ್ಕಿಕೊಂಡಿದ್ದರೂ ಸಾಕು, ಅದು ಕೂದಲೆಳೆಯಷ್ಟು ಮೇಲೆದ್ದು ಎಲ್ಲವನ್ನೂ ಬಿಗಿ ಮಾಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕಾಗುವ ಕೆಲಸ ಇದು. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಗುಂಡು ತುಂಬುವ ಡಬ್ಬಿಯಾದ ಮ್ಯಾಗಜಿನ್ ಮೇಲೆ. ಬಿದ್ದು ಅದರ ತುಟಿ ಬಾಗಿರುತ್ತದೆ. ಕೊಳ್ಳುವಾಗಲೇ ಎರಡನೇ ಮ್ಯಾಗಜಿನ್ ಕೇಳಿ ಪಡೆಯಿರಿ. ಹತ್ತು ವರ್ಷದ ನಂತರ ಆ ಮಾದರಿಯದೇ ಸಿಗುತ್ತದೆಂಬ ಭರವಸೆ ಯಾರೂ ಕೊಡಲಾರರು.

ಪಿನ್ ಮುರಿದಾಗ ನಮ್ಮೂರಿನವರಿಗೆ ಒಂದು ವಿಶೇಷ ಆಸೆ ಹುಟ್ಟುತ್ತದೆ: ಲೇತ್ ಶಾಪ್. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್‌ಗಳೇ ಹುಟ್ಟುತ್ತಿದ್ದ ಸೀಮೆ ಇದು, ಕೈಚಳಕದ ಟರ್ನರ್‌ಗಳಿಗೆ ಬರವಿಲ್ಲ. ಇಷ್ಟು ಚಿಕ್ಕ ಕಡ್ಡಿ ತಿರುಗಿಸುವುದು ಯಾವ ದೊಡ್ಡ ಕೆಲಸ ಎನಿಸುತ್ತದೆ. ಬೇಡ. ಲೈಸೆನ್ಸ್ ಇಲ್ಲದವರಿಂದ ಬಂದೂಕಿನ ಭಾಗ ಮಾಡಿಸಿದರೆ ಆ ಟರ್ನರ್‌ನೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾನೆ, ನೀವೂ. ಅದಿರಲಿ, ಲೋಹದ ಮಾತನ್ನೇ ನೋಡಿ. ಹದ ಹೆಚ್ಚಾದರೆ ತುದಿ ಚಟ್ಟನೆ ಮುರಿಯುತ್ತದೆ, ಕಡಿಮೆಯಾದರೆ ಅಣಬೆಯಂತೆ ಅರಳಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತುಸು ಉದ್ದವಾದರೆ ಬಟ್ಟಲನ್ನೇ ತೂತು ಮಾಡಿ ಬಿಸಿ ಗಾಳಿ ಹಿಂದಕ್ಕೆ ಚಿಮ್ಮುತ್ತದೆ.

ಸರಿಯಾದ ದಾರಿ ಉದ್ದವಿದ್ದರೂ ಕಷ್ಟದ್ದಲ್ಲ. ಕೊಂಡ ಅಂಗಡಿಯವರಿಗೇ ಮೊದಲು ಬರಹದಲ್ಲಿ ತಿಳಿಸಿ: ಮಾದರಿ, ನಂಬರ್, ಕೊಂಡ ದಿನ, ಸುಮಾರು ಎಷ್ಟು ಗುಂಡು ಹಾರಿಸಿದ್ದೀರಿ, ಯಾವ ಗುಂಡು, ತೊಂದರೆ ಪ್ರತಿ ಸಲವೋ ಆಗಾಗಲೋ. ಜೊತೆಗೆ ಬಿಲ್ ಮತ್ತು ಲೈಸೆನ್ಸ್ ಎರಡರದೂ ಜೆರಾಕ್ಸ್. ಕೊಡುವಾಗ ಗುಂಡು ಮನೆಯಲ್ಲೇ ಇರಲಿ. ನೀವೇ ಹೋಗಲು ಆಗದಿದ್ದರೆ ಮಗನನ್ನೋ ಮ್ಯಾನೇಜರನ್ನೋ ಕಳಿಸಬಹುದು. ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಒಯ್ಯಲು ಈ ವಿನಾಯಿತಿ ಇದೆ. ಆದರೆ ನಿಮ್ಮ ಸಹಿ ಇರುವ ಲಿಖಿತ ಅಧಿಕಾರ ಪತ್ರ ಅವರ ಜೇಬಿನಲ್ಲಿರಬೇಕು, ಫೋನಿನಲ್ಲಿ ಹೇಳಿದರೆ ನಡೆಯದು. ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದುಕೊಂಡು, ನಂಬರ್ ಸಹಿತ ರಸೀದಿ ಕೊಡಬೇಕು. ಬಂದೂಕು ನಿಮ್ಮ ಕೈಯಲ್ಲಿಲ್ಲದ ಅಷ್ಟೂ ದಿನ ಆ ರಸೀದಿಯೇ ಬಂದೂಕು. ನೀವೇ ಕಾನ್ಪುರಕ್ಕೆ ಒಯ್ಯುವ ಯೋಚನೆ ಇದ್ದರೆ ಲೈಸೆನ್ಸ್‌ನಲ್ಲಿ ವ್ಯಾಪ್ತಿ ಎಲ್ಲಿಯವರೆಗೆ ಎಂದಿದೆ ನೋಡಿಕೊಳ್ಳಿ. ಕರ್ನಾಟಕ ಎಂದಷ್ಟೇ ಇದ್ದರೆ ಅನುಮತಿ ಇಲ್ಲದೆ ಗಡಿ ದಾಟಬೇಡಿ.

ಚಿಕ್ಕ ಸ್ಪ್ರಿಂಗ್, ಸ್ಕ್ರೂ, ಹಿಡಿಯ ಹಲಗೆ ಬದಲಾದರೆ ಲೈಸೆನ್ಸಿನ ಗೊಡವೆ ಬರುವುದಿಲ್ಲ. ಆದರೆ ದೋಷ ದೊಡ್ಡದಾಗಿ ತಯಾರಕರು ಬಂದೂಕನ್ನೇ ಬದಲಿಸಿಕೊಟ್ಟರೆ ನಂಬರ್ ಬೇರೆಯಾಗುತ್ತದೆ. ಹೊಸ ನಂಬರ್ ಲೈಸೆನ್ಸಿಗೆ ಏರದೆ ಅದನ್ನು ಮನೆಗೆ ತರುವ ಹಾಗಿಲ್ಲ. ವಾರಂಟಿಯಲ್ಲಿ ಬಿಟ್ಟಿ ಬಂದದ್ದು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಇನ್ನು ತುಕ್ಕು. ಚರ್ಮದ ಹೋಲ್‌ಸ್ಟರ್‌ನಲ್ಲಿ ಹಾಕಿ ಬೀರುವಿನಲ್ಲಿ ಇಡುವುದು ಎಲ್ಲರ ಅಭ್ಯಾಸ, ಎಲ್ಲರ ತಪ್ಪು. ಚರ್ಮ ಬೆವರನ್ನೂ ತೇವವನ್ನೂ ಹೀರಿ ಹಿಡಿದುಕೊಳ್ಳುತ್ತದೆ, ಹದ ಮಾಡಿದಾಗಿನ ಲವಣವೂ ಅದರಲ್ಲಿರುತ್ತದೆ. ಮೂರು ತಿಂಗಳು ಬಿಟ್ಟು ತೆಗೆದರೆ ಹೋಲ್‌ಸ್ಟರಿನ ಹೊಲಿಗೆ ಎಲ್ಲಿ ತಾಗಿತ್ತೋ ಅಲ್ಲೇ, ಅದೇ ಗೆರೆಯಲ್ಲಿ ಕೆಂಪು ಚುಕ್ಕೆ ಮೂಡಿರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಎಣ್ಣೆಯಾದರೆ ಬಟ್ಟೆಯ ಚೂರಿಗೆ ಎರಡು ಮೂರು ಹನಿ ಸಾಕು, ಹೊಲಿಗೆ ಯಂತ್ರದ ತೆಳು ಎಣ್ಣೆಯೇ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. 24 ಡಿಗ್ರಿ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟಲು ಶುರು, ಡಿಸೆಂಬರಿನ ದುರ್ಗದ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ. ಹಳೆಯದಾದರೆ ಅಂಟಾಗುತ್ತದೆ, ಆ ಅಂಟಿಗೆ ಚಳ್ಳಕೆರೆ, ಹಿರಿಯೂರು ಕಡೆಯ ಗಾಳಿಯ ದೂಳು ಸೇರಿದರೆ ಉಜ್ಜುವ ಕಾಗದವೇ ಸಿದ್ಧವಾಯಿತು. ಗುಂಡು ತುಂಬಿಟ್ಟ ಗೂಡಿಗೆ ಎಣ್ಣೆ ಸಿಂಪಡಿಸುವುದೂ ಬೇಡ. ತೆಳು ಎಣ್ಣೆ ಬಟ್ಟಲಿನ ಸಂದಿಯಲ್ಲಿ ಇಳಿದು ಗುಂಡನ್ನು ಕೊಲ್ಲುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದರೂ ನಮ್ಮ ಕೈ ಮೀರಿದ್ದು ಚುನಾವಣೆ. ನೀತಿ ಸಂಹಿತೆ ಬಂದರೆ ಠಾಣೆಯಲ್ಲೋ ಗನ್ ಅಂಗಡಿಯಲ್ಲೋ ಡಿಪಾಸಿಟ್ ಇಡಿ ಎಂಬ ಆದೇಶ ಬರುವುದುಂಟು. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ರಂದು ಘೋಷಣೆಯಾಗಿ ಜೂನ್ 4ರಂದು ಎಣಿಕೆ ಮುಗಿಯಿತು, ಅಂದರೆ 80 ದಿನ. ನಡುವೆ ಮುಂಗಾರು ಪೂರ್ವದ ಮಳೆಯೂ ಬಂದುಹೋಗಿರುತ್ತದೆ. ಕೊಡುವ ಮುನ್ನ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಹತ್ತಿ ಬಟ್ಟೆ ಸುತ್ತಿ, ಹೋಲ್‌ಸ್ಟರ್ ಬಿಟ್ಟು ಕೊಡಿ. ನಾಲ್ಕೂ ಬದಿಯ ಫೋಟೋ ತೆಗೆದು, ರಸೀದಿಯಲ್ಲಿ ನಂಬರಿನ ಜೊತೆ ಸ್ಥಿತಿಯನ್ನೂ ಬರೆಸಿಕೊಳ್ಳಿ. ವಾಪಸ್ ಪಡೆಯುವಾಗ ಠಾಣೆಯ ಮೇಜಿನ ಮೇಲೇ ತೆರೆದು ನೋಡಿ. ತುಕ್ಕು ಕಂಡರೆ ಸಹಿ ಹಾಕುವ ಮೊದಲು ಅದನ್ನೂ ಬರೆಸಿ. ವಾರಂಟಿಯ ದಿನಗಳ ಎಣಿಕೆ ಬಿಲ್ಲಿನ ತಾರೀಕಿನಿಂದ ಶುರುವಾದದ್ದು ಠಾಣೆಯಲ್ಲಿ ಮಲಗಿದ್ದ ಆ 80 ದಿನವೂ ಓಡುತ್ತಲೇ ಇರುತ್ತದೆ. ಹೊಸದಾಗಿ ಕೊಂಡವರು ಡಿಪಾಸಿಟ್ ಇಡುವ ಮೊದಲೇ ರೇಂಜಿನಲ್ಲಿ ಒಂದಿಷ್ಟು ಗುಂಡು ಹಾರಿಸಿ ನೋಡಿಬಿಟ್ಟಿರಬೇಕು.