ವಾರವೆಲ್ಲ ನಿಂತೇ ಇರುವ ಕಾರು

ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಕಾರು ಸೋಮವಾರದಿಂದ ಶುಕ್ರವಾರದವರೆಗೆ ಗೇಟು ದಾಟುವುದೇ ಇಲ್ಲ. ಆಫೀಸಿಗೆ ಮೆಟ್ರೊ, ತರಕಾರಿಗೆ ಸ್ಕೂಟರ್, ಭಾನುವಾರಕ್ಕೆ ಕಾರು. ಮೀಟರ್ ಓಡಿಲ್ಲವಲ್ಲ, ಕಾರಿಗೇನಾಗಿರುತ್ತೆ ಎಂದುಕೊಂಡರೆ ತಪ್ಪು. ಬ್ಯಾಟರಿ, ಟೈರು, ಬ್ರೇಕು, ವೈರಿಂಗು ನಿಂತಲ್ಲೇ ಹಾಳಾಗುತ್ತವೆ. ಎಷ್ಟು ಬೇಗ ಎನ್ನುವುದು ಹೆಚ್ಚಾಗಿ ಕಾರು ನಿಂತ ಜಾಗದ ಮೇಲಿದೆ.

ಜಾಗ ಎಂದರೆ ಮೊದಲು ಟೇಪು ಹಿಡಿದು ಅಳೆಯಬೇಕು. ಅಪಾರ್ಟ್‌ಮೆಂಟಿನ ಸ್ಲಾಟ್ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಅಥವಾ ಸ್ವಲ್ಪ ಹೆಚ್ಚು ಉದ್ದ. ಕ್ರೆಟಾ ಅಗಲ 1,790 ಮಿ.ಮೀ., ಅದೂ ಮಿರರ್ ಬಿಟ್ಟು. ಉಳಿಯುವುದು 71 ಸೆಂ.ಮೀ. ಡ್ರೈವರ್ ಬಾಗಿಲು ತೆಗೆದು ಇಳಿಯಲು 60 ಬೇಕು, ಅಂದರೆ ಇನ್ನೊಂದು ಕಡೆ ಒಂದು ಗೇಣೂ ಇಲ್ಲ. ಪಕ್ಕದಲ್ಲಿ ಪಿಲ್ಲರ್ ಇದ್ದರೆ ಅದೂ ಹೋಯಿತು. 1,620 ಮಿ.ಮೀ.ನ ವ್ಯಾಗನ್ ಆರ್ ಅದೇ ಜಾಗದಲ್ಲಿ ಆರಾಮಾಗಿ ನಿಲ್ಲುತ್ತದೆ. ಅಳೆಯುವುದು ನೆಲದ ಬಿಳಿ ಗೆರೆಯನ್ನಲ್ಲ, ಪಿಲ್ಲರಿನಿಂದ ಪಿಲ್ಲರಿಗೆ. ಪಿಲ್ಲರ್ ಬಾನೆಟ್ಟಿನ ಪಕ್ಕ ಬಂದರೆ ಪರವಾಗಿಲ್ಲ, ಬಾಗಿಲ ಪಕ್ಕ ಬಂದರೆ ದಿನಾ ರಗಳೆ. ತಲೆಯ ಮೇಲಿನ ಡ್ರೈನೇಜ್ ಪೈಪಿನ ಎತ್ತರವನ್ನೂ ನೋಡಿ. ಹಿಂಬಾಗಿಲು ಮೇಲಕ್ಕೇಳುವ ಕಾರುಗಳ ಡಿಕ್ಕಿ ತಗಲುವುದು ಅದಕ್ಕೇ. ಫ್ಲ್ಯಾಟ್ ಕೊಳ್ಳುವವರು ಸ್ಲಾಟ್ ನಂಬರ್ ದಾಖಲೆಯಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಬಿಲ್ಡರ್ ಸ್ಟಿಲ್ಟ್ ಪಾರ್ಕಿಂಗನ್ನು, ಅಂದರೆ ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗವನ್ನು, ಪ್ರತ್ಯೇಕ ಫ್ಲ್ಯಾಟಿನಂತೆ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಆದರೂ ‘ಪಾರ್ಕಿಂಗ್ ಚಾರ್ಜು’ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇರುತ್ತದೆ.

ಬ್ಯಾಟರಿಗೆ ಬರೋಣ. ಲಾಕ್ ಮಾಡಿ ಹೋದ ಮೇಲೂ ಅಲಾರಂ, ಕಂಪ್ಯೂಟರ್, ಗಡಿಯಾರ ಸೇರಿ 30ರಿಂದ 50 ಮಿಲಿಆಂಪ್ ಎಳೆಯುತ್ತಲೇ ಇರುತ್ತವೆ. 50 ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪ್‌ಅವರ್ (ಬ್ಯಾಟರಿಯಲ್ಲಿರುವ ಚಾರ್ಜಿನ ಅಳತೆ). ಸಣ್ಣ ಪೆಟ್ರೋಲ್ ಕಾರಿನ 35 ಆಂಪ್‌ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕಿಳಿಯಿತು. ಪಾರ್ಕಿಂಗ್ ಮೋಡ್‌ನಲ್ಲಿ ಡ್ಯಾಶ್‌ಕ್ಯಾಮ್ ಬಿಟ್ಟಿದ್ದರೆ ಅಷ್ಟು ದಿನವೂ ಬೇಡ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು: ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಚಾರ್ಜರ್ ಹಾಕಿ. ಹಾಗೆಯೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಚಾರ್ಜ್ ಹಿಡಿಯುವುದೇ ಇಲ್ಲ.

ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಡಿ. ಅಷ್ಟು ಹೊತ್ತಿಗೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ಪೆಟ್ರೋಲ್ ಆಯಿಲ್‌ಗೆ ಬೆರೆಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ರಿಂಗ್ ರೋಡಿನಲ್ಲಿ ಓಡಿಸಿ ಬಂದರೆ ಬ್ಯಾಟರಿ, ಬ್ರೇಕು, ಟೈರು ಮೂರಕ್ಕೂ ಒಳ್ಳೆಯದು. ತಿಂಗಳುಗಟ್ಟಲೆ ಊರಿಗೆ ಹೋಗುವವರು 10 ನಂಬರ್ ಸ್ಪ್ಯಾನರಿನಿಂದ ನೆಗೆಟಿವ್ ಟರ್ಮಿನಲ್ ಬಿಚ್ಚಬಹುದು. ಅದಕ್ಕೆ ಮುಂಚೆ ಡಿಕ್ಕಿ ಮುಚ್ಚಿರಲಿ, ಬಾಗಿಲಿಗೆ ಹಾಕುವ ನಿಜವಾದ ಬೀಗದ ಕೈ ಜೇಬಿನಲ್ಲಿರಲಿ, ಏಕೆಂದರೆ ರಿಮೋಟ್ ಕೆಲಸ ಮಾಡುವುದಿಲ್ಲ.

ಮಳೆಗಾಲದಲ್ಲಿ ತೊಳೆದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದು ವಾರ ಬಿಟ್ಟರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಫಸ್ಟ್ ಗೇರ್ ಹಾಕಿ, ಚಕ್ರದ ಹಿಂದೆ ಮುಂದೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ ಬಿಡಿ. ಇಳಿಜಾರಿನಲ್ಲಿ ಮಾತ್ರ ಇದು ಬೇಡ. ಟೈರಿಗೆ ಮೂರು ನಾಲ್ಕು ಪಿಎಸ್‌ಐ ಹೆಚ್ಚು ಗಾಳಿ ತುಂಬಿಡಿ, ಮತ್ತೆ ಓಡಿಸುವ ಮೊದಲು ಇಳಿಸಿಕೊಳ್ಳಿ. ಟೈರಿನ ವಯಸ್ಸು ಅದರ ಪಕ್ಕೆಯಲ್ಲೇ ಇದೆ: 2321 ಎಂದರೆ 2021ರ 23ನೇ ವಾರ. ಮೇಲಿನ ಗೆರೆಗಳೆಲ್ಲ ಸವೆಯದೆ ಹಾಗೇ ಇದ್ದರೂ ಆರು ವರ್ಷದ ಟೈರಿನ ರಬ್ಬರನ್ನು ಹೆಚ್ಚು ನಂಬಬಾರದು.

ಎಲ್ಲಕ್ಕಿಂತ ದುಬಾರಿ ಶತ್ರು ಇಲಿ. ಬೇಸ್‌ಮೆಂಟಿನಲ್ಲಿ ಬೆಚ್ಚಗಿನ ಎಂಜಿನ್ ಸಿಕ್ಕಿದರೆ ಅದಕ್ಕೆ ಬೇರೆ ಮನೆ ಯಾಕೆ? ಬಾನೆಟ್ ಎತ್ತಿ ಟಾರ್ಚ್ ಬಿಡಿ. ಬ್ಯಾಟರಿಯ ಮೇಲೆ ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ, ಬಾನೆಟ್ಟಿನ ಒಳಗಿನ ಫೋಮ್ ಕಿತ್ತ ಗುರುತು, ಏರ್ ಫಿಲ್ಟರ್ ಡಬ್ಬದ ಸಂದಿಯಲ್ಲಿ ನಾಯಿ ಬಿಸ್ಕತ್ತು, ಕೊಬ್ಬರಿ ಚೂರು ಕಂಡರೆ ಸಂಸಾರ ಶುರುವಾಗಿದೆ ಎಂದರ್ಥ. ಮೊದಲು ಹೋಗುವುದು ವೈಪರಿಗೆ ನೀರು ಚಿಮ್ಮಿಸುವ ಸಣ್ಣ ರಬ್ಬರ್ ಕೊಳವೆ, ಆಮೇಲೆ ಸೆನ್ಸರ್ ವೈರು. ಎಂಜಿನ್ ಲೈಟ್ ಹತ್ತಿದಾಗ ಗ್ಯಾರೇಜಿನವರು ಸೆನ್ಸರ್ ಬದಲಿಸಲು ಹೊರಟರೆ, ವೈರನ್ನು ಉದ್ದಕ್ಕೂ ನೋಡಿದಿರಾ ಎಂದು ಕೇಳಿ. ಕಡಿದ ವೈರಿಗೆ ಬರೀ ಟೇಪ್ ಸುತ್ತಿಸಬೇಡಿ, ಬೆಸುಗೆ ಹಾಕಿಸಿ ಸ್ಲೀವ್ ಹಾಕಿಸಿ. ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು ಘಾಟು ಇರುವಷ್ಟು ದಿನ ಕೆಲಸ ಮಾಡಬಹುದು; ಬೆಲ್ಟು, ಫ್ಯಾನಿನಿಂದ ದೂರ ಇಡಬೇಕು, ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಆಫ್ ಮಾಡುವ ಮೊದಲು ಎ.ಸಿ.ಯನ್ನು ಒಳಗಾಳಿಗೆ ಹಾಕಿದರೆ ಹೊರಗಾಳಿಯ ಬಾಗಿಲು ಮುಚ್ಚಿ ಬ್ಲೋವರ್‌ಗೆ ಇಲಿ ನುಗ್ಗುವ ದಾರಿ ಬಂದ್ ಆಗುತ್ತದೆ. ಗೇಟಿನೊಳಗೆ ಸ್ವಂತ ಜಾಗವಿದ್ದವರು ರಾತ್ರಿ ಬಾನೆಟ್ ತೆರೆದಿಡಬಹುದು, ಕತ್ತಲೂ ಮರೆಯೂ ಇಲ್ಲದ ಕಡೆ ಇಲಿ ಗೂಡು ಕಟ್ಟುವುದು ಕಡಿಮೆ. ಪಾಷಾಣ ಮಾತ್ರ ಇಡಬೇಡಿ. ತಿಂದ ಇಲಿ ಹೋಗಿ ಡ್ಯಾಶ್‌ಬೋರ್ಡಿನ ಒಳಗೆ ಸತ್ತರೆ ಅದನ್ನು ಬಿಚ್ಚಿಸುವ ಕೂಲಿ ವೈರಿನ ಖರ್ಚನ್ನೂ ಮೀರಿಸುತ್ತದೆ.

ರಸ್ತೆಯಲ್ಲೇ ನಿಲ್ಲಿಸುವವರಿಗೆ ಮರದ ಲೆಕ್ಕ ಗೊತ್ತಿರಬೇಕು. ಏಪ್ರಿಲ್, ಮೇ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆ ಸುಲಭವಾಗಿ ಮುರಿಯುತ್ತದೆ. ಅದರ ಪುಟ್ಟ ಎಲೆಗಳು ಇನ್ನೊಂದು ತೊಂದರೆ: ವೈಪರಿನ ಕೆಳಗಿನ ಜಾಲರಿಯಲ್ಲಿ ಇಳಿದು ನೀರು ಹೋಗುವ ತೂತನ್ನು ಕಟ್ಟುತ್ತವೆ, ಮಳೆನೀರು ಒಳಗೆ ಇಳಿದು ಮುಂದಿನ ಸೀಟಿನ ಮ್ಯಾಟ್ ಒದ್ದೆಯಾಗುತ್ತದೆ. ಗ್ಲಾಸ್ ಸೋರುತ್ತಿದೆ ಎಂದುಕೊಂಡು ಬೀಡಿಂಗ್ ಬದಲಿಸುವ ಮೊದಲು ಆ ಜಾಲರಿಗೆ ಕೈ ಹಾಕಿ ನೋಡಿ. ಧೂಳಿದ್ದ ಕಾರಿಗೆ ಕವರ್ ಹೊದಿಸಿದರೆ ಗಾಳಿಗೆ ಅದೇ ಉಪ್ಪುಕಾಗದವಾಗುತ್ತದೆ. ಬೆಳಗ್ಗೆ ಒರೆಸುವ ಹುಡುಗ ಒಂದೇ ಬಕೆಟ್ಟಿನಲ್ಲಿ ಹತ್ತು ಕಾರು ಮುಗಿಸುತ್ತಾನೆ. ಅವನನ್ನು ಬೈಯುವುದಕ್ಕಿಂತ ಎರಡು ಮೈಕ್ರೋಫೈಬರ್ ಬಟ್ಟೆ ನೀವೇ ಕೊಡಿ.

ಬೇಸ್‌ಮೆಂಟಿನ ಸೂರಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಕಾಂಕ್ರೀಟಿನ ಸುಣ್ಣ ಇರುತ್ತದೆ. ಬಣ್ಣದ ಮೇಲೆ ಬಿಳಿ ಕಲೆ ಕೂತರೆ ಉಜ್ಜಬಾರದು. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಒಂದೆರಡು ನಿಮಿಷ ಇಟ್ಟು ತೊಳೆಯಬೇಕು. ಇನ್ನು ಮಳೆನೀರು ನುಗ್ಗುವ ಸಂಗತಿ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಸುತ್ತ ಬೇಸ್‌ಮೆಂಟುಗಳೇ ಕೆರೆಯಾಗಿದ್ದವು. ಅಂಥ ಹೊತ್ತಿನಲ್ಲಿ ನೀರಿಳಿದ ಕೂಡಲೇ ‘ಸ್ಟಾರ್ಟ್ ಆಗುತ್ತಾ ನೋಡೋಣ’ ಅನ್ನುವುದೇ ಎಂಜಿನ್ ಒಡೆಯುವ ದಾರಿ. ಸಿಲಿಂಡರಿನೊಳಗಿನ ನೀರನ್ನು ಪಿಸ್ಟನ್ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಪ್ರೊಟೆಕ್ಟ್ ಆ್ಯಡ್‌ಆನ್ ಇಲ್ಲದ ಪಾಲಿಸಿ ಇದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನೀರು ಎಲ್ಲಿಯವರೆಗೆ ಏರಿತ್ತು ಎನ್ನುವ ಗುರುತಿನ ಫೋಟೊ ತೆಗೆದು, ಬ್ಯಾಟರಿ ಬಿಚ್ಚಿ, ಇಗ್ನಿಷನ್ ಮುಟ್ಟದೆ ಇನ್ಶೂರೆನ್ಸ್‌ಗೆ ಫೋನ್ ಮಾಡಿ, ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕೇಳಿ.