ರವೆ ಹಚ್ಚದ ಮೃದಂಗ

ತುಮಕೂರಿನಲ್ಲಿ ಸ್ಟೀರಿಯೊ, ಹೋಮ್ ಥಿಯೇಟರ್ ಇನ್‌ಸ್ಟಾಲೇಷನ್ ಮಾಡಿಕೊಂಡು ಒಂಬತ್ತು ವರ್ಷ ಆಯ್ತು. ಗಿರಾಕಿಗಳ ಹತ್ರ ಬೈಸಿಕೊಂಡಿದ್ದು ಬೇಕಾದಷ್ಟಿದೆ, ಅದೆಲ್ಲ ಸಂಜೆಗೆ ಮರೆತುಹೋಗುತ್ತದೆ. ಎಸ್.ಎಸ್. ಪುರಂನ ಮೇಷ್ಟ್ರು ಬೈಯಲೇ ಇಲ್ಲ. ಅದಕ್ಕೇ ಇನ್ನೂ ಚುಚ್ಚುತ್ತಿದೆ.

ಮೇಷ್ಟ್ರು ರಿಟೈರ್ ಆದವರು, ಮೃದಂಗ ನುಡಿಸುತ್ತಾರೆ. ಹೊಸ ಮನೆಯ ಹಾಲಿಗೆ ಒಂದು ಆಂಪ್ (ಆಂಪ್ಲಿಫೈಯರ್), ಬೇಸ್‌ಗೆ ಆರೂವರೆ ಇಂಚಿನ ವೂಫರ್ ಇರುವ ಒಂದು ಜೊತೆ ಸ್ಪೀಕರ್. ವೈರ್ ಗೋಡೆಯೊಳಗೆ. ವೈರಿನ ತುದಿಗಳನ್ನು ಜೋಡಿಸಿ, ಸ್ವೀಪ್ (ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಏರುವ ಪರೀಕ್ಷೆಯ ಸದ್ದು) ಓಡಿಸಿ ಮೈಕಿನಲ್ಲಿ ಅಳೆದು, ರಿಪೋರ್ಟ್ ಕೊಟ್ಟು, ಸೈನ್-ಆಫ್ ತಗೊಂಡು ಬಂದಿದ್ದೆ. ಮೂರನೇ ದಿನ ಕಂಪ್ಲೇಂಟ್. ಜಾಬ್ ಕಾರ್ಡಿನಲ್ಲಿ ಕೌಂಟರ್ ಹುಡುಗಿ ಅವರು ಹೇಳಿದ್ದನ್ನು ಹಾಗೇ ಬರೆದಿದ್ದಳು: ‘ಮೃದಂಗಕ್ಕೆ ರವೆ ಹಚ್ಚಿಲ್ಲವಂತೆ.’ ಮೃದಂಗದ ಎಡಮುಖಕ್ಕೆ, ಅಂದರೆ ತೊಪ್ಪಿಗೆ, ಹಸಿ ರವೆ ಮೆತ್ತಿದರೇ ದಪ್ಪ ನಾದ ಬರುವುದು. ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಆಗ ನನಗೆ ಕಿವಿಗಳ ಮೇಲೆ ನಂಬಿಕೆ ಹೋಗಿತ್ತು. ಅದಕ್ಕೆ ಕಾರಣ ನಮ್ಮ ಓನರ್. ದುಬಾರಿ ಸ್ಪೀಕರ್ ಕೇಬಲ್ ತರಿಸಿ ಭಾನುವಾರ ಡೆಮೊ ಇಟ್ಟಿದ್ದರು. ಹಳೇ ಕೇಬಲ್ ಒಂದ್ಸಲ, ಹೊಸದು ಒಂದ್ಸಲ. ಬಂದವರೆಲ್ಲ ಹೊಸದರಲ್ಲಿ ಕಿಟಕಿ ತೆಗೆದ ಹಾಗಿದೆ ಅಂದರು. ಗಿರಾಕಿಗಳು ಹೋದ ಮೇಲೆ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ನೋಡಿದೆ, ಓನರ್ ಹೊಸ ಕೇಬಲ್ ಸರದಿ ಬಂದಾಗಲೆಲ್ಲ ವಾಲ್ಯೂಮನ್ನು 1 ಡಿಬಿ (ಡೆಸಿಬೆಲ್) ಮೇಲಕ್ಕೆ ತಿರುಗಿಸಿದ್ದರು. ಅಷ್ಟು ಸಣ್ಣ ವ್ಯತ್ಯಾಸ ಜೋರಾಗಿದೆ ಅಂತ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಅವತ್ತಿಂದ ನಾನು ಸಿಕ್ಕಸಿಕ್ಕವರಿಗೆಲ್ಲ ಪಾಠ ಶುರು ಮಾಡಿದೆ. ಆಡಿಯೊ ಸಂಶೋಧಕರಾದ ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲೇ ಸ್ಪೀಕರ್ ಕಾಣುವ ಹಾಗೆ ಒಂದ್ಸಲ, ಪರದೆ ಹಿಂದೆ ಬಚ್ಚಿಟ್ಟು ಒಂದ್ಸಲ ಕೇಳಿಸಿ, ಜನ ಕೊಡುವ ಅಂಕ ಹೇಗೆ ಬದಲಾಗುತ್ತದೆ ಅಂತ ತೋರಿಸಿದ್ದಾರೆ ಅಂತ. ಕಿವಿ ಸುಳ್ಳು ಹೇಳುತ್ತೆ, ಮೈಕ್ ಹೇಳಲ್ಲ ಅಂತ.

ಅದೇ ಗುಂಗಿನಲ್ಲಿ ಲ್ಯಾಪ್‌ಟಾಪು, ಯುಮಿಕ್-1 ಅನ್ನುವ ಅಳತೆಯ ಮೈಕು ಹೊತ್ತುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಒಂದು ಹಳೇ ಕಛೇರಿಯ ರೆಕಾರ್ಡಿಂಗ್ ಹಾಕಿದರು. ‘ಬಲಗೈ ಕೇಳ್ತಿದೆ. ತೊಪ್ಪಿ ಎಲ್ಲಪ್ಪಾ? ಹಾಡೋರು ಎದುರಿಗೆ ಕೂತಿಲ್ಲ, ಗೋಡೆ ತುಂಬಾ ಹರಡಿಕೊಂಡಿದ್ದಾರೆ’ ಅಂದರು. ನಾನು ಸರಿಯಾಗಿ ಕೇಳಲೂ ಇಲ್ಲ. ಎಡಕ್ಕೆ ಒಂದು ಸ್ವೀಪ್, ಬಲಕ್ಕೆ ಒಂದು ಸ್ವೀಪ್. ಎರಡೂ ಚೆನ್ನಾಗಿದ್ದವು, ಒಂದರ ಮೇಲೊಂದು ಇಟ್ಟರೆ ಅವಳಿ ಮಕ್ಕಳ ಹಾಗೆ. ಸ್ಕ್ರೀನ್ ಅವರ ಕಡೆ ತಿರುಗಿಸಿ, ‘ನೋಡಿ ಸಾರ್, 60ರಿಂದ 200 ಹರ್ಟ್ಜ್‌ವರೆಗೆ, ಬೇಸ್ ಎಲ್ಲಾ ಇದೆ’ ಅಂದೆ. ಅವರು ಕನ್ನಡಕ ಮೇಲೆ ಮಾಡಿ ಗ್ರಾಫನ್ನು ತುಂಬ ಹೊತ್ತು ನೋಡಿದರು. ‘ಗೆರೆ ಚೆನ್ನಾಗಿದೆ’ ಅಂದರು. ಆಗ ನಾನು ಹೇಳಬಾರದ ಮಾತು ಹೇಳಿದೆ: ‘ವಯಸ್ಸಾದ ಮೇಲೆ ಕಿವಿ ಸ್ವಲ್ಪ ಹಿಂಗೇ ಸಾರ್, ಸಹಜ.’

ವಯಸ್ಸಾದರೆ ಮೊದಲು ಹೋಗುವುದು ಮೇಲಿನ ಸ್ವರ, ಕೆಳಗಿನದ್ದಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಇನ್ನೊಂದು ಕಾಲ್ ಬಾಕಿ ಇತ್ತು, ಓನರ್ ಬೇರೆ ‘ಪ್ರೂಫ್ ಇದೆ ಅಲ್ವಾ, ಕ್ಲೋಸ್ ಮಾಡು’ ಅಂತ ಎರಡು ಸಲ ಫೋನ್ ಮಾಡಿದ್ದರು.

ಮೇಷ್ಟ್ರು ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಹೋಗಿ ಆಂಪ್‌ನ ಬ್ಯಾಲೆನ್ಸ್ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬಲ ಸ್ಪೀಕರ್ ಬಾಯಿ ಮುಚ್ಚಿತು. ಧುಂ ಅಂತ ತೊಪ್ಪಿ ಬಂತು. ಹಸಿ ರವೆ ಮೆತ್ತಿದ ಆ ದಪ್ಪ ನಾದ ಇಡೀ ಹಾಲ್ ತುಂಬಿತು. ನಾಬ್ ನಡುವೆ ತಂದರು, ಹೋಯಿತು. ಪೂರ್ತಿ ಬಲಕ್ಕೆ ತಿರುಗಿಸಿದರು, ಮತ್ತೆ ಬಂತು. ಎರಡು ಸ್ಪೀಕರ್‌ಗಿಂತ ಒಂದರಲ್ಲೇ ಬೇಸ್ ಜಾಸ್ತಿ! ಮೂರು ಸಲ ಹೀಗೆ ಮಾಡಿ ನನ್ನ ಮುಖ ನೋಡಿದರು. ಗೋಡೆ ಗಡಿಯಾರದ ಟಿಕ್ ಟಿಕ್ ಆಗ ಕೇಳಿಸಿದಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಕೇಳಿಸಿಲ್ಲ.

ಪೊಲಾರಿಟಿ. ಅಂದರೆ ವೈರಿನ ಪ್ಲಸ್, ಮೈನಸ್ ಎರಡೂ ಸ್ಪೀಕರ್‌ಗೆ ಒಂದೇ ಥರ ಕೊಡಬೇಕು. ಈ ಲೈನಿಗೆ ಬಂದ ಮೊದಲ ವಾರ ಕಲಿಸುವ ವಿಷಯ. ನಾನು ಟಿವಿ ರಿಮೋಟಿನಿಂದ 1.5 ವೋಲ್ಟ್ ಸೆಲ್ ತೆಗೆದೆ, ಸ್ಪೀಕರ್ ಜಾಲರಿ ಬಿಚ್ಚಿದೆ, ಆಂಪ್ ಕಡೆಯ ಬನಾನಾ ಪ್ಲಗ್ ಎಳೆದು ಮುಟ್ಟಿಸಿದೆ. ಎಡಗಡೆ ಕೋನ್ ಕೂದಲೆಳೆಯಷ್ಟು ಮುಂದೆ ಬಂತು. ಬಲಗಡೆಯದು ಒಳಗೆ ಹೋಯಿತು. ಒಂದು ತಳ್ಳುತ್ತಿದ್ದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು. ನಡುವೆ ಸೋಫಾದಲ್ಲಿ ಕೂತವರಿಗೆ ಬೇಸ್ ಎಲ್ಲಿಂದ ಸಿಗಬೇಕು?

ಬಲಗಡೆ ಬಾಕ್ಸ್ ಬಿಚ್ಚಿದರೆ ನಾನೇ ಒತ್ತಿ ಕೂರಿಸಿದ ವೈರ್ ಜೋಡಣೆ, ಅದಲುಬದಲಾಗಿತ್ತು. ಅದು ಪಾರದರ್ಶಕ ಇನ್ಸುಲೇಷನ್ ವೈರ್, ಒಂದು ಎಳೆ ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿ. ಇನ್‌ಸ್ಟಾಲೇಷನ್ ದಿನ ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾಡಿದ್ದೆ, ಆ ಬಿಳೀ ಬೆಳಕಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

ಮೈಕಿನದ್ದೇನೂ ತಪ್ಪಿಲ್ಲ ಬಿಡಿ. ಒಂದು ಸ್ಪೀಕರ್ ಉಲ್ಟಾ ಕೊಟ್ಟರೂ ಅದೊಂದರದ್ದೇ ಎಸ್‌ಪಿಎಲ್ (ಸದ್ದಿನ ಮಟ್ಟ) ಗೆರೆ ಹಾಗೇ ಇರುತ್ತದೆ. ಅದೇ ಅಳತೆಯ ಸಾಫ್ಟ್‌ವೇರ್ ಆರ್‌ಇಡಬ್ಲ್ಯುನಲ್ಲಿ ಪಕ್ಕದ ಇಂಪಲ್ಸ್ ಟ್ಯಾಬ್ ಒತ್ತಿದ್ದರೆ ಬಲದ ಪೀಕ್ ತಲೆಕೆಳಗಾಗಿ ನಿಂತಿರುತ್ತಿತ್ತು. ಇಲ್ಲಾ ಎರಡನ್ನೂ ಒಟ್ಟಿಗೆ ಒಂದು ಸ್ವೀಪ್ ಓಡಿಸಬೇಕಿತ್ತು. ಅವತ್ತೇ ಓಡಿಸಿದೆ, ಬೇಸ್ ಜಾಗದಲ್ಲಿ ದೊಡ್ಡ ಹಳ್ಳ. ನಮ್ಮ ಸೈನ್-ಆಫ್ ಟೆಂಪ್ಲೇಟಿನಲ್ಲಿ ಎಡಕ್ಕೊಂದು ಪುಟ, ಬಲಕ್ಕೊಂದು ಪುಟ, ಕಂಪನಿ ಲೋಗೋಕ್ಕೆ ಅರ್ಧ ಪುಟ. ಎರಡೂ ಸೇರಿಸಿ ಅಳೆಯೋಕೆ ಜಾಗವೇ ಇಲ್ಲ. ಒಂದು ಪುಟ ಸೇರಿಸೋಣ ಅಂದರೆ ಓನರ್, ‘ಸೈಟಲ್ಲಿ ಟೈಮ್ ಜಾಸ್ತಿ ಆಗುತ್ತೆ’ ಅಂದರು. ಈಗ ನಾನೇ ಓಡಿಸುತ್ತೇನೆ, ರಿಪೋರ್ಟಿಗೆ ಹಾಕುವುದಿಲ್ಲ. ಅದಕ್ಕೂ ಮೊದಲು ಗಿರಾಕಿಯ ಪಕ್ಕ ಕೂತು, ಅವರಿಗೆ ಗೊತ್ತಿರುವ ಒಂದು ಹಾಡು ಪೂರ್ತಿ ಕೇಳುತ್ತೇನೆ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರುತ್ತದೆ.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಫೋನ್ ಮಾಡಿ ಕರೆದರು. ಬೆಂಗಳೂರಿನಿಂದ ಅಣ್ಣನ ಮಗ ಆಂಪ್‌ಗೆ ಹಾಕುವ ಹೆಬ್ಬಾವಿನಂಥ ಪವರ್ ಕಾರ್ಡ್ ತಂದುಕೊಟ್ಟಿದ್ದಾನಂತೆ, ವೀಣೆಯ ಮೀಟು ಈಗ ಬೇರೆಯೇ ಕೇಳುತ್ತಂತೆ. ಈ ಸಲ ನಾನು ನಗಲಿಲ್ಲ, ಪಾಠವನ್ನೂ ಮಾಡಲಿಲ್ಲ. ಅವರು ಆ ಕಡೆ ತಿರುಗಿ ಕೂತರು. ನಾನು ಹತ್ತು ಸಲ ನಾಣ್ಯ ಚಿಮ್ಮಿ, ಬಿದ್ದ ಹಾಗೆ ಹಳೇ ಕಾರ್ಡೋ ಹೊಸದೋ ಹಾಕಿದೆ. ಆಂಪ್ ಆಫ್ ಮಾಡು, ಆನ್ ಮಾಡು, ಮುಕ್ಕಾಲು ಗಂಟೆ ಹಿಡಿಯಿತು. ಹತ್ತರಲ್ಲಿ ಐದು ಸರಿ ಹೇಳಿದರು, ಸುಮ್ನೆ ಊಹಿಸಿದರೂ ಬರುವಷ್ಟೇ. ಚೀಟಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ‘ವಯಸ್ಸಾದ ಮೇಲೆ ಕಿವಿ ಸ್ವಲ್ಪ ಹಿಂಗೇನೇ, ಸಹಜ’ ಅಂದರು. ಕಾಫಿ ನನ್ನ ಗಂಟಲಲ್ಲೇ ನಿಂತಿತು.